ಕನ್ಫರ್ಮ್ ಆಗಿರೋ ಬಾಡಿಗೆ ಕಾರು ದಸರಾ ರಜೆಲಿ ಸಿಕ್ಕೇ ಸಿಗುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳ್ಕೋಬೇಡಿ, ನಕ್ಕಿದ್ದು ನನ್ನ ಹಳೇ ಡೈರಿ ನೆನಪಾಗಿ. ತುಮಕೂರವ್ರು, ಮನೆಮಂದಿನೆಲ್ಲ ಕರ್ಕೊಂಡು ಧರ್ಮಸ್ಥಳ ಕುಕ್ಕೆ ಕಡೆ ಹೊರಟಿದೀರ, ಆಯುಧಪೂಜೆ ಮಾರನೇ ದಿನ ಬೆಳಿಗ್ಗೆ 5ಕ್ಕೆ ಬೆಂಗಳೂರಿನ ದಾಸರಹಳ್ಳಿಲಿ ಪಿಕಪ್ಪು, 7 ಸೀಟರ್ ಸೆಲ್ಫ್ ಡ್ರೈವ್, ಆ್ಯಪಲ್ಲಿ ಪೂರ್ತಿ ದುಡ್ಡು ಕಟ್ಟಾಗಿದೆ, ಕನ್ಫರ್ಮ್ಡ್ ಅಂತ ಮೆಸೇಜೂ ಬಂದಿದೆ, ಇಷ್ಟಾದ್ಮೇಲೂ ಕಾರು ಸಿಗದೇ ಇರೋ ಚಾನ್ಸ್ ಇದ್ಯಾ ಅಂತ ಕೇಳಿದೀರ. ಇದೆ ಕಣ್ರೀ. ಮಾಮೂಲಿ ದಿನದಲ್ಲಿ ಕಮ್ಮಿ, ನೀವು ಹೇಳಿರೋ ದಿನ ಜಾಸ್ತಿ.

ನಮ್ ಭಾವ ತುಮಕೂರಲ್ಲೇ ಬಿ.ಎಚ್. ರಸ್ತೆ ಹತ್ರ ಒಂದು ಚಿಕ್ಕ ಟ್ರಾವೆಲ್ಸ್ ಇಟ್ಕೊಂಡಿದ್ರು, ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗೋವರ್ಗೂ ಹತ್ರಹತ್ರ 4 ವರ್ಷ ನಾನೇ ಅಲ್ಲಿ ಕೂತು ಫೋನ್ ಎತ್ತೋದು ಡೈರಿ ಬರೆಯೋದು ಮಾಡ್ತಿದ್ದೆ. ಸ್ವಂತ ಗಾಡಿ 5 ಇತ್ತು, ಎಲ್ಲಾ ಎಲ್ಲೋ ಬೋರ್ಡು. ಸೀಸನ್ ಬಂತು ಅಂದ್ರೆ ಒಂದೇ ತಾರೀಖಿಗೆ ಡೈರಿಲಿ 8 ಹೆಸರು. ಅಡ್ವಾನ್ಸ್ ಕೊಟ್ಟೋರನ್ನ ಪೆನ್ನಲ್ಲಿ ಬರೆಯೋದು, ಬರೀ ಬಾಯಲ್ಲಿ ಹೇಳಿದೋರನ್ನ ಪೆನ್ಸಿಲಲ್ಲಿ ಬರೆಯೋದು, ಇದು ಭಾವ ಹೇಳ್ಕೊಟ್ಟ ಮೊದಲ್ನೇ ಪಾಠ. ಗಿರಾಕಿಗೆ ಮಾತ್ರ ಇಬ್ಬರಿಗೂ ಒಂದೇ ಉತ್ತರ, ಆಯ್ತು ಬಿಡಿ ಸರ್ ಗಾಡಿ ನಿಮ್ದೇ. ಮೋಸ ಅಂತೀರೇನೋ, ಆದ್ರೆ ನಮ್ ಕಡೆಯಿಂದನೂ ನೋಡಿ, ಎಂಟು ಜನ ಹೇಳಿದ್ರೆ ಇಬ್ರು ಮೂವರು ಬಿಟ್ಟೇ ಬಿಡೋರು, ಯಾರಿಗೋ ಸೂತಕ ಬಂತು, ಯಾರಿಗೋ ತಮ್ಮನ ಕಾರೇ ಸಿಕ್ತು, ಇನ್ಯಾರೋ ಫೋನೇ ಎತ್ತಲ್ಲ, ಗಾಡಿ ನಿಂತ್ರೆ ಡ್ರೈವರ್ ಸಂಬಳ ಇಎಂಐ ಏನಾದ್ರೂ ನಿಲ್ಲುತ್ತಾ? ಅದಕ್ಕೇ ಇರೋ ಗಾಡಿಗಿಂತ ಎರಡು ಮೂರು ಜಾಸ್ತಿ ಒಪ್ಕೊಳ್ಳೋದು. ಚಿಕ್ಕ ಅಂಗಡಿಲಿ ಪೆನ್ಸಿಲು, ದೊಡ್ಡ ಕಂಪನಿಲಿ ಕಂಪ್ಯೂಟ್ರು, ಲೆಕ್ಕ ಒಂದೇ.

ಈ ಲೆಕ್ಕ ವರ್ಷದಲ್ಲಿ 300 ದಿನ ಸರಿಯಾಗೇ ನಡೆಯುತ್ತೆ. ಕೈ ಕೊಡೋದು ದಸರಾ, ದೀಪಾವಳಿ, ಮದುವೆ ಮುಹೂರ್ತ ಜಾಸ್ತಿ ಇರೋ ವಾರಗಳಲ್ಲಿ, ಯಾಕಂದ್ರೆ ಆಗ ಯಾರೂ ಕ್ಯಾನ್ಸಲ್ ಮಾಡಲ್ಲ, ಎಂಟಕ್ಕೆ ಎಂಟೂ ಜನ ಬ್ಯಾಗ್ ಹಿಡ್ಕೊಂಡು ಬಂದ್ಬಿಡ್ತಾರೆ.

ನೀವು ಪೂರ್ತಿ ದುಡ್ಡು ಕಟ್ಟಿದೀರ, ಅಂದ್ರೆ ಪೆನ್ನಲ್ಲಿ ಬರ್ಕೊಂಡಿರೋ ಲೆಕ್ಕ, ಒಳ್ಳೇದೇ. ಆದ್ರೆ ಸೆಲ್ಫ್ ಡ್ರೈವಲ್ಲಿ ಇನ್ನೊಂದು ತಲೆನೋವಿದೆ. ನಿಮಗೆ ಕೊಡ್ತೀವಿ ಅಂದಿರೋ ಕಾರು ಈಗ ಶೆಡ್ಡಲ್ಲಿ ನಿಂತಿಲ್ಲ, ಯಾರೋ ಓಡಿಸ್ತಾ ಇದಾರೆ. ಅವ್ರು ಹಿಂದಿನ ರಾತ್ರಿ 11ಕ್ಕೆ ತಂದು ಬಿಟ್ರೆ ನಿಮಗೆ 5ಕ್ಕೆ ಸಿಗುತ್ತೆ. ಅವ್ರು ಶಿರಾಡಿ ಘಾಟಲ್ಲಿ ಜಾಮಲ್ಲಿ ಸಿಕ್ಕಾಕೊಂಡ್ರೋ, ಬಂಪರ್ ಗುದ್ದಿಸ್ಕೊಂಡ್ರೋ, ಇಲ್ಲಾ ಇನ್ನೊಂದಿನ ಇದ್ದು ಬರೋಣ ಬಿಡು ಅಂತ ಆ್ಯಪಲ್ಲಿ ಎಕ್ಸ್‌ಟೆಂಡ್ ಒತ್ತಿದ್ರೋ, ನಿಮ್ ಕಥೆ ಮುಗೀತು. ಬೇರೆ ದಿನ ಆದ್ರೆ ಪಕ್ಕದಲ್ಲಿ ನಿಂತಿರೋ ಇನ್ನೊಂದು ಗಾಡಿ ಕೀ ಕೊಟ್ಟು ಕಳಿಸ್ತಾರೆ, ರಜೆ ದಿನ ಪಕ್ಕದಲ್ಲಿ ಯಾವ್ದೂ ನಿಂತಿರಲ್ಲ.

ಇನ್ನೊಂದು, ಬುಕಿಂಗ್ ಪೇಜಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದಿ ನೋಡಿ. ಆ ಮಾಡೆಲ್ ಅಥವಾ ಅದಕ್ಕೆ ಸಮನಾದ ಗಾಡಿ, ಲಭ್ಯತೆ ಮೇಲೆ ಅವಲಂಬಿತ, ಕೊಡಕ್ಕಾಗದೇ ಇದ್ರೆ ಕಟ್ಟಿದ ದುಡ್ಡು ವಾಪಸ್ಸು, ಈ ಥರದ್ದೇ ಸಾಲುಗಳು ಇರ್ತವೆ. ಅಂದ್ರೆ ಅವ್ರು ಮಾತು ಕೊಟ್ಟಿರೋದು ಒಂದು ನಮೂನೆ ಗಾಡಿಗೆ, ಇಂಥದ್ದೇ ನಂಬರಿನ ಕಾರಿಗಲ್ಲ. ಸ್ವಿಫ್ಟ್ ಬುಕ್ ಮಾಡಿದೋರಿಗೆ ಇದರಿಂದ ಲಾಭನೇ, ಸ್ವಿಫ್ಟ್ ಇಲ್ದೇ ಇದ್ರೆ ಡಿಸೈರೋ ಕ್ರೆಟಾನೋ ಅದೇ ರೇಟಿಗೆ ಸಿಕ್ಬಿಡುತ್ತೆ. ನೀವು ಕೇಳಿರೋದು 7 ಸೀಟರು. ಎರ್ಟಿಗಾ ಇಲ್ಲ ಅಂದ್ರೆ ಇನ್ನೋವಾ ಕೊಡ್ಬೇಕು, ಹಬ್ಬದಲ್ಲಿ ಮೊದಲು ಖಾಲಿ ಆಗೋದೇ ಇನ್ನೋವಾ. ಅಜ್ಜಿ ತಾತ ಮಕ್ಕಳು ಎಲ್ಲಾ ಸೇರಿ ಹೊರಡೋ ಸೀಸನ್ ಅದು, ಎಲ್ರಿಗೂ ದೊಡ್ಡ ಗಾಡಿನೇ ಬೇಕು.

ಆಯುಧಪೂಜೆದು ಬೇರೆನೇ ಕಥೆ. ಈಗಿನ ಎಷ್ಟೋ ಆ್ಯಪಲ್ಲಿ ಕಾರು ಕಂಪನಿದಲ್ಲ, ಯಾರೋ ಓನರ್ ತನ್ನ ಗಾಡಿ ಲಿಸ್ಟ್ ಮಾಡಿರ್ತಾನೆ, ಹೋಸ್ಟ್ ಅಂತಾರೆ. ಅವ್ನು ತಿಂಗಳ ಮುಂಚೆ ಹೂಂ ಅಂದಿರ್ತಾನೆ, ಹಬ್ಬ ಹತ್ರ ಬಂದಾಗ ಅವ್ನ ಮಾವನ ಮನೆಯವ್ರು ಮೈಸೂರಿಗೆ ಹೋಗೋಣ ಅಂತಾರೆ, ಕ್ಯಾನ್ಸಲ್ ಒತ್ತಿಬಿಡ್ತಾನೆ. ದಂಡ ಒಂದಿಷ್ಟು ಬೀಳಬಹುದು, ಮಾವನ ಮನೆಯವ್ರ ಮುಂದೆ ಅದ್ಯಾವ ಲೆಕ್ಕ.

ಇಷ್ಟೆಲ್ಲಾ ಗೊತ್ತಿದ್ದೂ ನಾನೇ ಬೇಸ್ತು ಬಿದ್ದಿದೀನಿ. ಬೇರೆ ಕೆಲಸಕ್ಕೆ ಸೇರಿದ್ಮೇಲೆ ಒಂದು ದಸರಾಗೆ ಅಮ್ಮ ಅಕ್ಕ ಮಕ್ಕಳನ್ನ ಕರ್ಕೊಂಡು ಹೊರನಾಡಿಗೆ ಹೋಗೋಣ ಅಂತ ಇದೇ ಥರ ಆ್ಯಪಲ್ಲಿ ಬುಕ್ ಮಾಡಿದ್ದೆ, ಭಾವಂಗೆ ಹೇಳಿದ್ರೆ ಅವ್ರ ಗಾಡಿ ದುಡಿಮೆ ತಪ್ಪುತ್ತೆ ಅಂತ ಹೇಳಿರ್ಲಿಲ್ಲ. ನಾನೊಬ್ನೇ ಬಸ್ ಹತ್ತಿ ಗಾಡಿ ತರೋಕೆ ಬೆಂಗಳೂರ ಕಡೆ ಹೊರಟೆ, ಡಾಬಸ್‌ಪೇಟೆ ದಾಟಿಲ್ಲ, ಟಣ್ ಅಂತ ಮೆಸೇಜು, ಕಾರಣಾಂತರಗಳಿಂದ ನಿಮ್ಮ ಬುಕಿಂಗ್ ರದ್ದಾಗಿದೆ. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಹಾಡು ಕೇಳಿಸ್ತು, ಆಮೇಲೆ ಒಬ್ಬ ಹುಡುಗ ತುಂಬಾ ಮರ್ಯಾದೆಯಿಂದ ದುಡ್ಡು ಒಂದು ವಾರದಲ್ಲಿ ವಾಪಸ್ ಬರುತ್ತೆ ಸರ್ ಅಂದ. ದುಡ್ಡು ಬರುತ್ತಪ್ಪಾ, ಅಮ್ಮ ಬೆಳಗಿನ ಜಾವ ಎದ್ದು ಪುಳಿಯೋಗರೆ ಕಲಸಿಟ್ಟಿದಾರಲ್ಲ ಅದಕ್ಕೇನ್ ಹೇಳ್ಲಿ. ನೆಲಮಂಗಲದಲ್ಲಿ ಇಳಿದು ನಾಚಿಕೆ ಬಿಟ್ಟು ಭಾವಂಗೇ ಫೋನ್ ಮಾಡ್ದೆ. ‘ನಾಲ್ಕು ವರ್ಷ ಡೈರಿ ಬರ್ದೋನು ನೀನೇ ಅಲ್ವೇನೋ’ ಅಂತ ಸರಿಯಾಗಿ ಉಗಿದು, ಎರಡು ಗಂಟೆ ಒಳಗೆ ಅವ್ರ ಟ್ರಾವೆಲ್ಸಿಗೆ ಅಟ್ಯಾಚಲ್ಲಿ ಓಡ್ತಿದ್ದ, ಅಂದ್ರೆ ಬೇರೆ ಓನರ್‌ದು ಒಂದು ಕೆಎ 06 ಗಾಡಿನ ಡ್ರೈವರ್ ಸಮೇತ ಮನೆ ಮುಂದೆ ನಿಲ್ಸಿದ್ರು. ಡ್ರೈವರ್ ಬಾಟಾ (ಅವ್ನ ದಿನದ ಖರ್ಚು) ಸೇರಿ ಜಾಸ್ತಿನೇ ಆಯ್ತು, ಆದ್ರೆ ಹೊರನಾಡು ನೋಡಿದ್ವಿ.

ಊರಿನ ಟ್ರಾವೆಲ್ಸಿಗೂ ಆ್ಯಪಿಗೂ ವ್ಯತ್ಯಾಸ ಇಲ್ಲೇ ಇರೋದು ಅಂತ ನನ್ನ ಅನಿಸಿಕೆ. ಊರಿನವ್ನು ತನ್ನ ಗಾಡಿ ಇಲ್ದೇ ಇದ್ರೂ ಸ್ಟ್ಯಾಂಡಲ್ಲಿ ನಾಲ್ಕು ಜನಕ್ಕೆ ಫೋನ್ ಮಾಡಿ ಯಾವ್ದೋ ಒಂದು ಹೊಂದಿಸ್ತಾನೆ, ನಾಳೆ ನಿಮ್ಮ ಮುಖ ಮಾರ್ಕೆಟ್ಟಲ್ಲಿ ನೋಡ್ಬೇಕಲ್ಲ. ಎಸಿ ಸರಿ ಇರಲ್ಲ, ಸೀಟ್ ಕವರ್ ಹರಿದಿರುತ್ತೆ, ಅಷ್ಟು ಓಡದೇ ಇದ್ರೂ ದಿನಕ್ಕೆ 300 ಕಿಲೋಮೀಟರ್ ಮಿನಿಮಮ್ ಹಾಕ್ತಾನೆ, ಅದೆಲ್ಲಾ ಇದೆ. ಆದ್ರೆ ಗಾಡಿ ಬರುತ್ತೆ.

ನನ್ನ ಭಾಮೈದ ಅಮೆರಿಕದಲ್ಲಿದಾನೆ, ಅಲ್ಲೆಲ್ಲಾ ಸಿಸ್ಟಮ್ ಪಕ್ಕಾ ಇರುತ್ತೆ ಅಂದ್ಕೊಂಡಿದ್ದೆ, ಅಲ್ಲೂ ಇದೇ ಗೋಳಂತೆ. ಎಷ್ಟೋ ಬುಕಿಂಗಿಗೆ ಮುಂಚೆ ದುಡ್ಡೇ ಕಟ್ಟಬೇಕಾಗಿಲ್ಲ, ಬರದೇ ಹೋದ್ರೂ ಕೇಳೋರಿಲ್ಲ, ಅದಕ್ಕೇ ಅವ್ರೂ ಇರೋದಕ್ಕಿಂತ ಜಾಸ್ತಿ ಬುಕಿಂಗ್ ತಗೊಳ್ತಾರೆ. 2020ರಲ್ಲಿ ಕೊರೋನಾ ಬಂದು ಗಿರಾಕಿ ಇಲ್ದೇ ಹರ್ಟ್ಜ್ ಅಂಥ ದೊಡ್ಡ ಬಾಡಿಗೆ ಕಾರು ಕಂಪನಿನೇ ದಿವಾಳಿ ಅರ್ಜಿ ಹಾಕ್ತು, ಬಾಡಿಗೆ ಕಂಪನಿಗಳು ಕಾರುಗಳನ್ನ ರಾಶಿ ರಾಶಿ ಮಾರ್ಕೊಂಡ್ವು, 2021ರಲ್ಲಿ ಜನ ಮತ್ತೆ ಟೂರ್ ಹೊರಟಾಗ ಕಾರಿಗೆ ಹಾಕೋ ಎಲೆಕ್ಟ್ರಾನಿಕ್ ಚಿಪ್ ಕೊರತೆಯಿಂದ ಹೊಸ ಕಾರೂ ಸಿಗ್ಲಿಲ್ಲ, ಹವಾಯಿಲಿ ಟೂರಿಸ್ಟುಗಳು ಮನೆ ಸಾಮಾನು ಸಾಗಿಸೋ ಟ್ರಕ್ಕುಗಳನ್ನ ಬಾಡಿಗೆಗೆ ತಗೊಂಡು ಬೀಚ್ ಸುತ್ತಿದ್ರು. ನಮ್ ಕಡೆ ಟಾಟಾ ಏಸಲ್ಲಿ ಜಾತ್ರೆಗೆ ಹೋದಂಗೆ.

ವಿಮಾನದಲ್ಲಾದ್ರೆ ಟಿಕೆಟ್ ಇಟ್ಕೊಂಡು ಬಂದೋರನ್ನ ಹತ್ತಿಸ್ದೇ ಇದ್ರೆ ಇಷ್ಟು ಪರಿಹಾರ ಕೊಡ್ಬೇಕು ಅಂತ ವಿಮಾನಯಾನ ನೋಡ್ಕೊಳ್ಳೋ ಡಿಜಿಸಿಎದು ರೂಲ್ಸ್ ಇದೆ, ಬಾಡಿಗೆ ಕಾರಿಗೆ ಆ ಥರ ರೆಡಿ ರೇಟ್ ಕಾರ್ಡ್ ಇಲ್ಲ. ಹಂಗಂತ ಪೂರ್ತಿ ಕೈ ಚೆಲ್ಲಬೇಕಾಗಿಲ್ಲ. ಗಾಡಿ ಇಲ್ಲ ಅಂತ ಫೋನಲ್ಲಿ ಹೇಳಿ ‘ನೀವೇ ಆ್ಯಪಲ್ಲಿ ಕ್ಯಾನ್ಸಲ್ ಮಾಡ್ಬಿಡಿ ಸರ್, ಬೇಗ ರಿಫಂಡ್ ಆಗುತ್ತೆ’ ಅಂತಾರೆ, ದಯವಿಟ್ಟು ಮಾಡ್ಬೇಡಿ, ಮಾಡಿದ್ರೆ ದಾಖಲೆಲಿ ತಪ್ಪು ನಿಮ್ದೇ ಆಗುತ್ತೆ, ಕೆಲವು ಕಡೆ ಕ್ಯಾನ್ಸಲೇಷನ್ ಚಾರ್ಜೂ ಮುರ್ಕೊಳ್ತಾರೆ. ಅವ್ರೇ ರದ್ದು ಮಾಡ್ಲಿ, ಮೆಸೇಜಲ್ಲಿ ಬರ್ಲಿ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಬದಲಿ ಗಾಡಿಗೆ ಜಾಸ್ತಿ ಕೊಟ್ಟಿದ್ರೆ ಅದರ ಬಿಲ್ಲೂ ಇರ್ಲಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಅಲ್ಲೂ ಬಗೆಹರೀಲಿಲ್ಲ ಅಂದ್ರೆ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ್ಮೇಲೆ ಕಂಪನಿ ಎಲ್ಲಿದ್ರೂ ನೀವು ವಾಸ ಇರೋ ಜಿಲ್ಲೆಲೇ ದೂರು ಕೊಡಬಹುದು, ಅಂದ್ರೆ ತುಮಕೂರಲ್ಲೇ ಆಗುತ್ತೆ, ನೀವು ಕಟ್ಟಿರೋ ದುಡ್ಡು 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ, 2 ವರ್ಷದ ಒಳಗೆ ಹಾಕ್ಬೇಕು ಅಷ್ಟೇ. ಅಲೆದಾಟ ಅಂತೂ ಇದ್ದೇ ಇದೆ, ಎರಡು ಸಾವಿರಕ್ಕೆ ನಾನು ಹೋಗಲ್ಲ, ಇಪ್ಪತ್ತು ಸಾವಿರ ಆದ್ರೆ ಹೋಗ್ತೀನಿ.

ಗಾಡಿ ಕೈಕೊಟ್ಟ ದಿನ ಯಾರಾದ್ರೂ ಪರಿಚಯದವ್ರು ‘ನನ್ ಫ್ರೆಂಡ್ ಕಾರಿದೆ, ದಿನಕ್ಕೆ ಇಷ್ಟು ಕೊಡಿ ಸಾಕು’ ಅಂದ್ರೆ ನಂಬರ್ ಪ್ಲೇಟ್ ನೋಡಿ. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಲ್ಲಿ ಹಳದಿ ಅಕ್ಷರ ಇರ್ಬೇಕು. ವೈಟ್ ಬೋರ್ಡ್ ಕಾರನ್ನ ಬಾಡಿಗೆಗೆ ತಗೊಂಡು ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಇನ್ಶೂರೆನ್ಸ್‌ನೋರು ಬಾಡಿಗೆಗೆ ಓಡಿಸ್ತಿದ್ರಿ ಅಂತ ಕ್ಲೇಮ್ ತಳ್ಳಿಹಾಕ್ತಾರೆ, ಆರ್‌ಟಿಓ ಹಿಡಿದ್ರೆ ಗಾಡಿನೂ ಅಲ್ಲೇ. ತುಮಕೂರಲ್ಲಿ ಕಪ್ಪು ಪ್ಲೇಟ್ ಅಂಗಡಿ ಯಾಕ್ ಕಮ್ಮಿ ಅಂತ ಕೆಲವ್ರು ಕೇಳ್ತಾರೆ, ಸೆಲ್ಫ್ ಡ್ರೈವ್ ಬಾಡಿಗೆಗೆ ಇರೋ 1989ರ ರೆಂಟ್ ಎ ಕ್ಯಾಬ್ ಸ್ಕೀಮಲ್ಲಿ ಲೈಸೆನ್ಸಿಗೆ ಕನಿಷ್ಠ 50 ಕ್ಯಾಬ್ ಇರ್ಬೇಕು ಅಂತಿದೆ, ನಮ್ ಭಾವನಂಥೋರು 5 ಗಾಡಿ ಇಟ್ಕೊಂಡು ಎಲ್ಲಿ ಹೋಗ್ಲಿ.

ಸರಿ, ನಿಮ್ಮ ವಿಷಯಕ್ಕೆ ಬರ್ತೀನಿ. ಬುಕಿಂಗ್ ಹೆಂಗೂ ಆಗಿದೆ, ಇರ್ಲಿ. ಮೊದ್ಲು ಅದು ಕಂಪನಿ ಗಾಡಿನಾ ಹೋಸ್ಟ್ ಗಾಡಿನಾ ನೋಡಿ. ಹೋಸ್ಟ್ ಆಗಿದ್ರೆ ಈಗ್ಲೇ ಆ್ಯಪಲ್ಲೇ ಒಂದು ಮೆಸೇಜ್ ಹಾಕಿ, ಹಬ್ಬ ಇದೆ ಗಾಡಿ ಕೊಡೋದು ಗ್ಯಾರಂಟಿ ತಾನೆ ಅಂತ ನೇರವಾಗಿ ಕೇಳಿ, ಕ್ಯಾನ್ಸಲ್ ಮಾಡೋನಾದ್ರೆ ಇವತ್ತೇ ಮಾಡ್ಲಿ, ಹಿಂದಿನ ರಾತ್ರಿ ಬೇಡ. ಎರಡು ದಿನ ಮುಂಚೆ ಗಾಡಿ ನಂಬರ್ ಕೇಳಿ. ನಂಬರ್ ಕೊಟ್ರು ಅಂದ್ರೆ ಅರ್ಧ ನೆಮ್ಮದಿ, ಅಲಾಟ್ ಆಗುತ್ತೆ ಸರ್ ಆಗುತ್ತೆ ಸರ್ ಅಂತಿದ್ರೆ ಇನ್ನೂ ಪೆನ್ಸಿಲಲ್ಲೇ ಇದೀರ ಅಂತ ತಿಳ್ಕೊಳ್ಳಿ. ಜೊತೆಗೆ ಆ ಗಾಡಿ ನಿಮಗಿಂತ ಮುಂಚೆ ಯಾರ ಹತ್ರ ಇದೆ, ಯಾವಾಗ ವಾಪಸ್ ಬರುತ್ತೆ ಅಂತಾನೂ ಕೇಳಿ, ಅವ್ರು ಹೆಸರು ಹೇಳಲ್ಲ, ಟೈಮ್ ಹೇಳ್ತಾರೆ, ಅದು ಸಾಕು. ಊರಲ್ಲಿ ಒಬ್ಬ ಟ್ರಾವೆಲ್ಸ್‌ನೋರಿಗೆ ಫೋನ್ ಮಾಡಿ ‘ಗಾಡಿ ಆಗಿದೆ, ಅದು ಕೈಕೊಟ್ರೆ ನಿಮಗೇ ಫೋನ್ ಮಾಡ್ತೀನಿ’ ಅಂತ ಇದ್ದಿದ್ದು ಇದ್ದಂಗೆ ಹೇಳಿಡಿ, ಸುಮ್ನೆ ಡಬಲ್ ಬುಕಿಂಗ್ ಮಾಡಿ ಆಮೇಲೆ ಫೋನ್ ಆಫ್ ಮಾಡ್ಕೋಬೇಡಿ, ನಿಮ್ಮಂಥೋರಿಂದ್ಲೇ ನಾವು ಎಂಟು ಹೆಸರು ಬರೀತಿದ್ದಿದ್ದು.

ಬೆಳಿಗ್ಗೆ 5ರ ಪಿಕಪ್ಪನ್ನ ಮಾತ್ರ ಬದಲಾಯಿಸಿ. ಆಯುಧಪೂಜೆ ದಿನ ಎಲ್ರೂ ಗಾಡಿ ತೊಳೆದು ಹಾರ ಹಾಕಿ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸ್ತಾರೆ, ಅದ್ರಲ್ಲೂ ಹೋಸ್ಟ್ ಆದ್ರೆ ಹೆಂಗಾದ್ರೂ ಮಾಡಿ ಗಾಡಿನ ಅವತ್ತು ಮನೆಗೆ ತರ್ಸ್ಕೊಂಡಿರ್ತಾನೆ, ಸಂಜೆ ಹೊತ್ತಿಗೆ ಅದು ಮನೆ ಮುಂದೆ ನಿಂತಿರೋ ಚಾನ್ಸ್ ಜಾಸ್ತಿ. ಅವತ್ತೇ ಸಂಜೆ ಹೋಗಿ ಕೀ ಇಸ್ಕೊಳ್ಳಿ. ಅರ್ಧ ದಿನದ ಬಾಡಿಗೆ ಜಾಸ್ತಿ ಆದ್ರೂ ಆಗ್ಲಿ, ರಾತ್ರಿ ತುಮಕೂರಲ್ಲಿ ನಿಮ್ ಮನೆ ಮುಂದೆ ಗಾಡಿ ಇದ್ರೆ ನಡುರಾತ್ರಿ ಎದ್ದು ಬಸ್ ಹಿಡಿಯೋದೂ ತಪ್ಪುತ್ತೆ. ಬರ್ತಾ ದಾಸರಹಳ್ಳಿ ಸುತ್ತಮುತ್ತ ನಿಧಾನ ಬನ್ನಿ, ಫ್ಯಾಕ್ಟರಿ ಗೇಟ್ ಮುಂದೆಲ್ಲಾ ಬೂದುಗುಂಬಳಕಾಯಿ ಒಡೆದಿರ್ತಾರೆ, ಬೈಕ್‌ನೋರು ಜಾರಿ ನಿಮ್ಮ ಬಾನೆಟ್ ಮೇಲೇ ಬರ್ತಾರೆ, ಆಮೇಲೆ ಡೆಪಾಸಿಟ್ ವಾಪಸ್ ಬರ್ಲಿಲ್ಲ ಅಂತ ಇನ್ನೊಂದು ಪ್ರಶ್ನೆ ಹಾಕ್ಬೇಕಾಗುತ್ತೆ.