ಸಂಪಾದಕರ ಉತ್ತರ: ಕಸ ಹೆಕ್ಕುವವರಿಗೆ ಸನ್ಮಾನ ಏಕೆ?

(ಮನೆಮನೆಯಿಂದ ಪ್ಲಾಸ್ಟಿಕ್ ಮೊದಲಾದ ಒಣ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಮಹಿಳೆಯರಿಗೆ ನಡೆದ ಸನ್ಮಾನದ ವರದಿಯನ್ನು ಕಳೆದ ಸಂಚಿಕೆಯಲ್ಲಿ ಓದಿದ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ತಿಂಗಳಿಗೆ ಮನೆಯೊಂದರಿಂದ 50 ರೂಪಾಯಿ ಪಡೆದು ಮಾಡುವ ಕೆಲಸಕ್ಕೆ ಶಾಲು, ಫಲಕ ಏಕೆ? ಹಿಂದೆ ಮನೆಮನೆಗೆ ಬರುತ್ತಿದ್ದ ಗುಜರಿಯವರಿಗೆ ಯಾರು ಹಾರ ಹಾಕಿದರು? ಈಗಿನ ಪ್ರಶಸ್ತಿಗಳೆಲ್ಲ ಫೋಟೋಕ್ಕಾಗಿ. ಅದಕ್ಕೆ ನೀವು ಎರಡು ಪುಟ ಕೊಡಬೇಕಿತ್ತೇ?”)

ಮಾನ್ಯರೇ,

ಗುಜರಿಯವರ ವಿಷಯದಲ್ಲಿ ನಿಮ್ಮ ಮಾತು ಸರಿ. ಹಳೆಯ ಕಬ್ಬಿಣ, ಬಾಟಲಿ, ಕಾಗದವನ್ನು ಗೋಣಿಯಲ್ಲಿ ತುಂಬಿಸಿ ಬಿಸಿಲಿನಲ್ಲಿ ಹೊತ್ತು ನಡೆದವರನ್ನು ಈ ಊರು ಗೌರವದಿಂದ ಕಾಣಲಿಲ್ಲ. ಕೆಲವು ಅಂಗಳಗಳಲ್ಲಿ ಅವರನ್ನು ಕಳ್ಳರಂತೆ ನೋಡಿದ್ದೂ ಉಂಟು. ಆದರೆ ಅವರಿಗೆ ಸಲ್ಲದ ಗೌರವ ಇವರಿಗೂ ಸಲ್ಲಬಾರದು ಎನ್ನುವುದು ಯಾವ ನ್ಯಾಯ?

ಎರಡೂ ಕೆಲಸ ಒಂದೇ ಅಲ್ಲ ಎಂಬುದನ್ನೂ ಗಮನಿಸಿ. ಗುಜರಿಯವರು ಬೆಲೆ ಸಿಗುವ ವಸ್ತುವನ್ನು ಒಯ್ಯುತ್ತಿದ್ದರು. ಹರಿತ ಕರ್ಮ ಸೇನೆಯವರು ಯಾರಿಗೂ ಬೇಡವಾದದ್ದನ್ನು ಒಯ್ಯಬೇಕು. ಚಿಪ್ಸ್ ಪೊಟ್ಟಣವನ್ನೇ ತೆಗೆದುಕೊಳ್ಳಿ. ಅದರ ಒಳಗೆ ಹೊಳೆಯುವುದು ಅಲ್ಯೂಮಿನಿಯಂ ಲೇಪ, ಹೊರಗಿನದು ಪ್ಲಾಸ್ಟಿಕ್. ಈ ಪದರಗಳನ್ನು ಬಿಡಿಸುವುದು ಕಷ್ಟವಾದ್ದರಿಂದ ಮರುಬಳಕೆ ಮಾಡುವವರು ಅದನ್ನು ಮುಟ್ಟುವುದಿಲ್ಲ. ಅಂಥವು ಕೊನೆಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತವೆ. ಮಾರಿದರೆ ಹಣ ಬರುವುದಿಲ್ಲ, ಸಾಗಿಸಲು ನಾವೇ ಹಣ ಕೊಡಬೇಕು.

ಇವರು ಬರುವ ಮೊದಲು ಅವೆಲ್ಲ ಎಲ್ಲಿಗೆ ಹೋಗುತ್ತಿದ್ದವು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಬಚ್ಚಲ ಹಂಡೆಯ ಒಲೆಗೆ. ಒದ್ದೆ ಮಡಲಿಗೆ ಬೇಗ ಬೆಂಕಿ ಹತ್ತಲಿ ಎಂದು ಕೆಳಗೆ ಎರಡು ಪ್ಲಾಸ್ಟಿಕ್ ತೊಟ್ಟೆ ಇಡುವುದು ನಮ್ಮ ಕಡೆ ಎಷ್ಟೋ ಮನೆಗಳ ರೂಢಿ. ತೋಟದ ಪಿವಿಸಿ ಪೈಪಿನ ತುಂಡೂ ಅದೇ ಒಲೆಗೆ ಬೀಳುತ್ತಿತ್ತು. ಪಿವಿಸಿ ಹೀಗೆ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಆ ಹೊಗೆಯ ಪಕ್ಕದಲ್ಲಿಯೇ ಮಕ್ಕಳು ಮೀಯುತ್ತಿದ್ದರು. ಸುಡದೆ ಉಳಿದದ್ದು ತೋಡಿಗೆ, ತೋಡಿನಿಂದ ಶಿರಿಯ ಹೊಳೆಗೆ, ಅಲ್ಲಿಂದ ಕಡಲಿಗೆ.

ಇನ್ನು 50 ರೂಪಾಯಿಯ ಮಾತು. ಅದು ಸಂಬಳವಲ್ಲ. 2016ರ ಡಿಸೆಂಬರಿನಲ್ಲಿ ಆರಂಭವಾದ, ಕೇರಳ ಸರಕಾರದ ಹರಿತ ಕೇರಳ ಮಿಷನ್ ಅಡಿಯಲ್ಲಿ ಪಂಚಾಯತುಗಳಲ್ಲಿ ಈ ಸೇನೆ ರೂಪುಗೊಂಡಿತು. ಸದಸ್ಯರಲ್ಲಿ ಹೆಚ್ಚಿನವರು ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಮಹಿಳೆಯರು. ಮನೆಗಳಿಂದ ಬಂದ ಶುಲ್ಕ ಮತ್ತು ಮಾರಾಟವಾದ ವಸ್ತುವಿನ ಹಣವೇ ಅವರ ಮುಖ್ಯ ಆದಾಯ. ನಾವು “ಮುಂದಿನ ತಿಂಗಳು ಬನ್ನಿ” ಎಂದು ಗೇಟಿನಿಂದಲೇ ಕಳುಹಿಸಿದರೆ ಅಷ್ಟೂ ಅವರ ಪಾಲಿನಿಂದ ಕಡಿತವಾಗುತ್ತದೆ. ಪೇಟೆಯಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡೆ ಹತ್ತಬೇಕು, ಸಂಕ ದಾಟಬೇಕು, ಮಳೆಗಾಲದಲ್ಲಿ ತೋಟದ ಇಂಬಳಕ್ಕೆ ಕಾಲು ಕೊಡಬೇಕು.

ಅವರು ವಿಂಗಡಿಸುವ ಶೆಡ್ಡಿಗೆ ನೀವು ಒಮ್ಮೆ ಹೋಗಬೇಕು. ನಾನು ಹೋದಾಗ ತಗಡಿನ ಮಾಡಿನ ಕೆಳಗೆ ಐವರು ಕುಳಿತು ಗೋಣಿ ಬಿಚ್ಚುತ್ತಿದ್ದರು. ಒಂದು ಗೋಣಿಯ ತಳದಲ್ಲಿ ಬಂಗುಡೆ ಸಾರು ಹಾಗೆಯೇ ಉಳಿದಿದ್ದ ತೊಟ್ಟೆ ಸಿಕ್ಕಿತು. ಅದರ ಸಾರು ಸೋರಿ ಜೊತೆಗಿದ್ದ ಶುದ್ಧ ಪ್ಲಾಸ್ಟಿಕ್ಕೂ ಕೆಟ್ಟಿತ್ತು. ಯಾವುದೋ ಮನೆಯವರು ಜೋಪಾನವಾಗಿ ತೊಳೆದು ಒಣಗಿಸಿ ಕೊಟ್ಟದ್ದೆಲ್ಲ ಹಾಳು. ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ತುಸು ಅಂಟಿಕೊಂಡಿರುವಂತೆ ಕತ್ತರಿಸಿ ಎಂದು ಅವರಲ್ಲಿ ಹಿರಿಯರಾದ ಅಕ್ಕ ನನಗೆ ತೋರಿಸಿಕೊಟ್ಟರು. ಬೇರ್ಪಟ್ಟ ಆ ಚಿಕ್ಕ ತ್ರಿಕೋನ ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ. ಔಷಧದ ಪಟ್ಟಿ, ಚಪ್ಪಲಿ, ಗೊಬ್ಬರದ ಚೀಲ ಎಲ್ಲದಕ್ಕೂ ಬೇರೆ ಬೇರೆ ರಾಶಿ. ಯಾವ ಪ್ಲಾಸ್ಟಿಕ್ ಯಾವ ರಾಶಿಗೆ ಎಂಬುದನ್ನು ಅವರು ಬೆರಳಿನಿಂದ ಉಜ್ಜಿ, ಶಬ್ದ ಕೇಳಿ ನಿರ್ಧರಿಸುತ್ತಾರೆ. ಇದು ಕಲಿತು ಬರುವ ವಿದ್ಯೆ, ವಿದ್ಯೆಗೆ ಮನ್ನಣೆ ಸಲ್ಲಬೇಕು.

ಪ್ರಶಸ್ತಿಗಳೆಲ್ಲ ಫೋಟೋಕ್ಕಾಗಿ ಎಂಬ ನಿಮ್ಮ ದೂರಿನಲ್ಲಿ ತಿರುಳಿದೆ. ಬಯಲು ಶೌಚಮುಕ್ತ ಗ್ರಾಮಗಳಿಗಾಗಿ ಕೇಂದ್ರ ಸರಕಾರ ನಿರ್ಮಲ ಗ್ರಾಮ ಪುರಸ್ಕಾರವನ್ನು ಮೊದಲ ಬಾರಿಗೆ ಕೊಟ್ಟದ್ದು 2005ರಲ್ಲಿ. ಪುರಸ್ಕಾರ ಪಡೆದ ಎಷ್ಟೋ ಗ್ರಾಮಗಳು ಕೆಲವೇ ವರ್ಷಗಳಲ್ಲಿ ಹಳೆಯ ಸ್ಥಿತಿಗೆ ಮರಳಿದವು. ನಗರಗಳ ಸ್ವಚ್ಛತೆ ಅಳೆಯುವ ಕೇಂದ್ರದ ಸಮೀಕ್ಷೆಯಾದ ಸ್ವಚ್ಛ ಸರ್ವೇಕ್ಷಣೆ 2016ರಲ್ಲಿ ಮೊದಲ ಬಾರಿ ನಡೆದು, 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆದಾಗ ಗಡಿಯ ಈಚೆಗಿನ ನಾವೂ ಹೆಮ್ಮೆಪಟ್ಟೆವು. ಆದರೆ ಹೆಸರು ಬಂದದ್ದು ನಗರಕ್ಕೆ. ಮುಂಜಾನೆ ಪೊರಕೆ ಹಿಡಿದವರಲ್ಲಿ ಒಬ್ಬರ ಹೆಸರಾದರೂ ನಮಗೆ ತಿಳಿಯಿತೇ?

2023ರ ಜುಲೈ ನೆನಪಿದೆಯೇ? ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿ ನಗರಸಭೆಯ ಹರಿತ ಕರ್ಮ ಸೇನೆಯ 11 ಮಹಿಳೆಯರು ಹಣ ಕೂಡಿಸಿ 250 ರೂಪಾಯಿಯ ಒಂದು ಲಾಟರಿ ಟಿಕೆಟ್ ಕೊಂಡರು. ಅದಕ್ಕೆ 10 ಕೋಟಿಯ ಮಾನ್ಸೂನ್ ಬಂಪರ್ ಹೊಡೆಯಿತು. ದೇಶವಿಡೀ ಅವರ ಚಿತ್ರ ಅಚ್ಚಾಯಿತು. ಅಷ್ಟು ಕಾಲ ಅವರು ಎತ್ತಿದ ಕಸಕ್ಕೆ ಸಿಗದ ಪ್ರಚಾರ ಒಂದು ಅದೃಷ್ಟದ ಚೀಟಿಗೆ ಸಿಕ್ಕಿತು. ಆ ಮಹಿಳೆಯರ ಸಂತೋಷದಲ್ಲಿ ನನಗೂ ಪಾಲಿದೆ, ಆದರೆ ಈ ವಿಷಯ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ನನಗೆ ಪ್ರಶಸ್ತಿ ಬೇಕು, ಆದರೆ ಅದರ ರೀತಿ ಬದಲಾಗಬೇಕು. ಅದು ಕಚೇರಿಯ ಗೋಡೆಗೆ ಹೋಗದೆ ಕೆಲಸ ಮಾಡಿದವರ ಹೆಸರಿಗೆ ಹೋಗಲಿ. ತೀರ್ಪುಗಾರರು ಶುಚಿತ್ವ ದಿನದ ಮೆರವಣಿಗೆಯನ್ನು ಬಿಟ್ಟು ಶೆಡ್ಡಿನ ದಾಖಲೆ ಪುಸ್ತಕ ನೋಡಲಿ: ಎಷ್ಟು ಬಂತು, ಎಷ್ಟು ವಿಂಗಡಣೆಯಾಯಿತು, ಎಷ್ಟು ಹೊರಗೆ ಹೋಯಿತು, ಮೂಲೆಯಲ್ಲಿ ಎಷ್ಟು ಕೊಳೆಯುತ್ತಿದೆ. ವರ್ಷ ಕಳೆದ ಮೇಲೆ ಹೇಳದೆ ಇನ್ನೊಮ್ಮೆ ಬಂದು ನೋಡಲಿ, ಹಣದ ಅರ್ಧವನ್ನು ಆಗ ಕೊಡಲಿ. ಸನ್ಮಾನಪತ್ರ ನಮ್ಮ ಭಾಗದಲ್ಲಿ ಕನ್ನಡದಲ್ಲಿಯೂ ಇರಲಿ. ವೇದಿಕೆಯ ಕುರ್ಚಿಯಲ್ಲಿ ಅವರೇ ಕುಳಿತುಕೊಳ್ಳಲಿ. ಶಾಲು ಹೊದಿಸಿದ ಅರ್ಧ ಗಂಟೆಗೆ ಅದೇ ಮಹಿಳೆಯರನ್ನು ಕರೆದು, ಸಭಿಕರು ಕುಡಿದು ಬಿಸಾಡಿದ ನೀರಿನ ಬಾಟಲಿಗಳನ್ನು ಹೆಕ್ಕಿಸಿದ ಸಭೆಯನ್ನು ನಾನು ಕಂಡಿದ್ದೇನೆ. ಅಂಥ ಸನ್ಮಾನಕ್ಕೆ ನಮ್ಮ ಪತ್ರಿಕೆಯಲ್ಲಿ ಒಂದು ಸಾಲಿಗೂ ಜಾಗವಿಲ್ಲ.

ಮನ್ನಣೆಯಿಂದ ಏನಾಗುತ್ತದೆ ಎಂದು ಕೇಳುವಿರಾದರೆ, ಹರೇಕಳದ ಹಾಜಬ್ಬ ನಮಗೆ ದೂರದವರಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಬೇರೆ ಪ್ರಶಸ್ತಿಗಳಿಂದ ಬಂದ ಬಹುಮಾನದ ಹಣವನ್ನೂ ಅವರು ಶಾಲೆಗೇ ಹಾಕಿದರು. ಬುಟ್ಟಿ ಹೊತ್ತು ಬರುವವರನ್ನು ಕಂಡಾಗ ಎಷ್ಟೋ ಜನರ ಮಾತಿನ ಧಾಟಿ ಆಮೇಲೆ ಬದಲಾಯಿತು. ಹಸಿರು ಸಮವಸ್ತ್ರದವರು ಗೇಟಿನ ಬಳಿ ನಿಂತಾಗಲೂ ನಾಯಿಯನ್ನು ಕಟ್ಟಿಹಾಕಿ, “ಬನ್ನಿ, ನೀರು ಬೇಕೇ?” ಎಂದು ಕೇಳುವಷ್ಟು ಬದಲಾವಣೆ ನನಗೆ ಬೇಕು. ಎರಡು ಪುಟ ಕೊಟ್ಟದ್ದು ಅದಕ್ಕಾಗಿ.

ನಿಮ್ಮ ವಾರ್ಡಿನ ಸೇನೆಯವರು ಶೆಡ್ಡಿನಲ್ಲಿ ವಿಂಗಡಿಸುವ ದಿನ ಕೇಳಿಕೊಂಡು ಒಂದು ಬೆಳಗ್ಗೆ ಹೋಗಿ ನೋಡಿ. ಕಂಡದ್ದನ್ನು, ಅವರ ಒಪ್ಪಿಗೆಯಿದ್ದರೆ ಅವರ ಹೆಸರುಗಳೊಂದಿಗೆ, ಬರೆದು ಕಳುಹಿಸಿ. ಆಗಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗೂ ಎರಡು ಪುಟ ಇರಿಸುತ್ತೇನೆ.

— ಸಂಪಾದಕ