ಹೆಸರಿಲ್ಲದ ಕಾಲೇಜಲ್ಲಿ ಬಿಇ ಮಾಡಿದರೆ ಕೆಲಸ ಸಿಗಲ್ವಾ?

ಜಿಲ್ಲಾ ಕೇಂದ್ರದ ವಿಟಿಯು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ, ಕ್ಯಾಂಪಸ್‌ಗೆ ಕಂಪನಿಗಳೇ ಬರುತ್ತಿಲ್ಲ, ಆರ್‌ವಿ, ಪಿಇಎಸ್ ಹೆಸರಿಲ್ಲದೆ ಬೆಂಗಳೂರಲ್ಲಿ ಕೆಲಸ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಆದರೆ 'ಟ್ಯಾಲೆಂಟ್ ಇದ್ದರೆ ಸಾಕು, ಕಾಲೇಜು ಲೆಕ್ಕಕ್ಕೇ ಇಲ್ಲ' ಅನ್ನುವವರನ್ನು ನಂಬಬೇಡಿ. ನಾನೂ ಅಂಥದ್ದೇ ಕಾಲೇಜಿನವನು. ಈಗ ನಮ್ಮ ಕಂಪನಿಯಲ್ಲಿ ಫ್ರೆಶರ್‌ಗಳ ಇಂಟರ್‌ವ್ಯೂಗೆ ಆಗಾಗ ನನ್ನನ್ನೂ ಕೂರಿಸುತ್ತಾರೆ.

ಕಾಲೇಜಿನ ಹೆಸರು ಕೆಲಸಕ್ಕೆ ಬರುವುದು ಇಂಟರ್‌ವ್ಯೂಗೆ ಮುಂಚೆ. ಆರ್‌ವಿ, ಬಿಎಂಎಸ್, ಸುರತ್ಕಲ್‌ನ ಎನ್‌ಐಟಿಕೆ ಇಂಥ ಕಡೆ ಕಂಪನಿಯವರೇ ಹುಡುಕಿಕೊಂಡು ಹೋಗುತ್ತಾರೆ. ಸಿಇಟಿ, ಜೆಇಇ ರ‍್ಯಾಂಕ್ ಮೊದಲೇ ಸೋಸಿ ಕೊಟ್ಟಿರುತ್ತದಲ್ಲ, ಒಂದು ದಿನ ಹೋಗಿ ಬಂದರೆ ಬೇಕಾದಷ್ಟು ಜನ ಸಿಗುತ್ತಾರೆ. ನಿಮ್ಮ ಊರಿಗೆ ಬಂದರೆ ಅದೇ ಖರ್ಚಿಗೆ ಇಬ್ಬರೋ ಮೂವರೋ. ಎಚ್‌ಆರ್‌ನವರ ಲೆಕ್ಕ ಅಷ್ಟೇ, ನಿಮ್ಮ ಮೇಲೆ ಸಿಟ್ಟೇನಿಲ್ಲ. ದೊಡ್ಡ ಪ್ಯಾಕೇಜಿನ, ತಮ್ಮದೇ ಸಾಫ್ಟ್‌ವೇರ್ ಮಾಡಿ ಮಾರುವ ಪ್ರಾಡಕ್ಟ್ ಕಂಪನಿಗಳು ಹೆಚ್ಚಾಗಿ ಅಲ್ಲಿಗೇ ಹೋಗುವುದೂ ಇದಕ್ಕೇ. ಈ ಅಂತರ ನಿಜ, ಮೊದಲ ಕೆಲಸದಲ್ಲಿ ನೋಯುತ್ತದೆ.

ಇಂಟರ್‌ವ್ಯೂಗೆ ಕೂತ ಮೇಲೆ ಕತೆ ಬೇರೆ. ಒಬ್ಬ ಹುಡುಗನ ರೆಸ್ಯೂಮೆಯಲ್ಲಿದ್ದ ಕಾಲೇಜಿನ ಹೆಸರನ್ನು ನಾನು ಕೇಳಿರಲೇ ಇಲ್ಲ. ಕೆಳಗೆ ಪ್ರಾಜೆಕ್ಟ್ ಅಂತ ಊರಿನ ಹಾಲಿನ ಡೇರಿಯ ಲೆಕ್ಕ: ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರುವ ಉಳಿದ ಘನಾಂಶ) ಹಾಕಿದರೆ ರೇಟು ತೋರಿಸುವ ಚಿಕ್ಕ ಆ್ಯಪ್. 'ಒಂದೇ ಬೆಳಗಿನ ಹಾಲು ಎರಡು ಸಲ ಎಂಟ್ರಿ ಆದರೆ?' ಅಂದೆ. 'ಆಗಿತ್ತು ಸರ್, ಒಬ್ಬರಿಗೆ ದುಡ್ಡು ಜಾಸ್ತಿ ಹೋಯಿತು' ಅಂತ ಶುರುಮಾಡಿ, ಟೇಬಲ್‌ನಲ್ಲಿ ಎರಡನೇ ಸಲದ ಎಂಟ್ರಿ ತಡೆಯಲು ಯಾವ ಯುನಿಕ್ ಕೀ ಹಾಕಿದೆ, ಯಾಕೆ ಹಾಕಿದೆ ಎಲ್ಲ ಹೇಳಿದ. ಆಮೇಲೆ ಕಾಲೇಜಿನ ವಿಷಯವೇ ಬರಲಿಲ್ಲ. ಅದೇ ವಾರ ಒಳ್ಳೇ ಹೆಸರಿನ ಕಾಲೇಜಿನ ಇನ್ನೊಬ್ಬ ತನ್ನ ಪ್ರಾಜೆಕ್ಟಿನ ಕೋಡ್ ತಾನೇ ವಿವರಿಸಲಾಗದೆ ತಡವರಿಸುತ್ತಿದ್ದ.

ಎರಡು ಮೂರು ವರ್ಷ ಕೆಲಸ ಮಾಡಿದ ಮೇಲೆ ರಿಕ್ರೂಟರ್ ಕೇಳುವುದು ನೋಟಿಸ್ ಪೀರಿಯಡ್ ಎಷ್ಟು, ಈಗಿನ ಸಿಟಿಸಿ (ವರ್ಷದ ಒಟ್ಟು ಸಂಬಳ) ಎಷ್ಟು ಅಂತ. ಕಾಲೇಜು ಕೊನೇ ಸಾಲಿಗೆ ಹೋಗಿರುತ್ತದೆ. ಗೇಟ್ ಪರೀಕ್ಷೆಯ ಸ್ಕೋರ್ ನೋಡಿ ತಗೊಳ್ಳುವ ಸರ್ಕಾರಿ ಕಂಪನಿಗಳಲ್ಲಂತೂ ಮೊದಲಿಂದಲೂ ಹಾಗೇ.

ಅಂದರೆ ನಿಮ್ಮ ತಲೆನೋವು ಒಂದೇ, ಇಂಟರ್‌ವ್ಯೂವರೆಗೆ ತಲುಪುವುದು. ಬ್ಯಾಕ್‌ಲಾಗ್ ಇದ್ದರೆ ಮೊದಲು ಕ್ಲಿಯರ್ ಮಾಡಿ. ಎಷ್ಟೋ ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ 60% ಕೇಳುತ್ತವೆ, ಕಡಿಮೆ ಇದ್ದರೆ ಕಂಪ್ಯೂಟರೇ ಅರ್ಜಿ ತೆಗೆದುಹಾಕುತ್ತದೆ. ಪಕ್ಕದ ಕಾಲೇಜುಗಳ ಪೂಲ್ ಡ್ರೈವ್ (ಹಲವು ಕಾಲೇಜಿನವರಿಗೆ ಒಟ್ಟಿಗೆ ನಡೆಯುವ ನೇಮಕಾತಿ) ಬಿಡಬೇಡಿ. ಟಿಸಿಎಸ್‌ನ ಎನ್‌ಕ್ಯೂಟಿಯಂಥ ಟೆಸ್ಟ್ ಯಾವ ಕಾಲೇಜಿನವರಾದರೂ ಬರೆಯಬಹುದು.

ಇನ್ನು ರೆಫರಲ್, ಅಂದರೆ ಕಂಪನಿಯ ಒಳಗಿನವರೇ ನಿಮ್ಮ ಹೆಸರು ಸೂಚಿಸುವುದು. ಲಿಂಕ್ಡ್‌ಇನ್‌ನಲ್ಲಿ ನಿಮ್ಮದೇ ಕಾಲೇಜಿನ ಸೀನಿಯರ್‌ಗಳನ್ನು ಹುಡುಕಿ. 'ಸರ್ ಪ್ಲೀಸ್ ಜಾಬ್ ಕೊಡಿಸಿ' ಅಂತ ಬರೆದರೆ ಯಾರೂ ಉತ್ತರಿಸುವುದಿಲ್ಲ, ಸುಮ್ನೆ ಅಲ್ಲ, ನಾವೇನು ಮಾಡಬೇಕೆಂದೇ ಗೊತ್ತಾಗುವುದಿಲ್ಲ. ಕಂಪನಿಯ ಸೈಟಲ್ಲಿ ಹುದ್ದೆ ನೋಡಿ, ಅದರ ಜಾಬ್ ಐಡಿ, ರೆಸ್ಯೂಮೆ ಎರಡನ್ನೂ ಒಂದೇ ಮೆಸೇಜಲ್ಲಿ ಕಳಿಸಿ. ಎರಡು ನಿಮಿಷದ ಕೆಲಸ, ಬಹಳ ಜನ ಮಾಡಿಕೊಡುತ್ತಾರೆ. ಬ್ಯಾಕ್‌ಡೋರ್‌ನಲ್ಲಿ ಸೇರಿಸುತ್ತೇವೆ, ಇಷ್ಟು ಲಕ್ಷ ಕಟ್ಟಿ ಅನ್ನುವ ಕನ್ಸಲ್ಟೆನ್ಸಿಯವರ ಫೋನ್ ಬಂದರೆ ಮಾತ್ರ ಕಟ್ ಮಾಡಿ, ಮನೆಯವರಿಗೂ ಹೇಳಿಡಿ.