ತಾಮ್ರದ ಹರಳು ತಿರುಗಿಸಿದಾಗ ಬದಲಾಗೋದು ಡಿಫ್ಯೂಸಿವಿಟಿ ಅಲ್ಲ, ನಿಮ್ಮ ಫಿಟ್

ನಿಮ್ಮ ಪ್ಲಾಟ್ ನೋಡಿದೆ. ತಾಮ್ರದ ಸಿಂಗಲ್ ಕ್ರಿಸ್ಟಲ್, 001 ಮುಖ (ಹರಳಿನ ಘನದ ಒಂದು ಮುಖ), ಟ್ರಾನ್ಸಿಯೆಂಟ್ ಗ್ರೇಟಿಂಗ್ (ಎರಡು ಲೇಸರ್ ಕಿರಣ ಸೇರಿಸಿ ಮೇಲ್ಮೈ ಮೇಲೆ ಬಿಸಿ ಪಟ್ಟೆಗಳನ್ನ ಮೂಡಿಸಿ, ಅವು ಮಾಸೋದನ್ನ ನೋಡೋ ಅಳತೆ), ಸ್ಯಾಂಪಲ್ ತಿರುಗಿಸ್ತಾ ಹೋದ ಹಾಗೆ ಡಿಫ್ಯೂಸಿವಿಟಿ, ಅಂದ್ರೆ ಶಾಖ ಹರಡೋ ವೇಗದ ಅಳತೆ, ಏರಿಳಿತ. ಅದಕ್ಕೆ 'ಶಾಖ ದಿಕ್ಕಿಗೊಂದು ಥರ ಹರಿಯುತ್ತೆ' ಅಂತ ಬರ್ದಿದೀರ. ದಯವಿಟ್ಟು ಇದನ್ನ ಥೀಸಿಸ್‌ಗೆ ಹಾಕ್ಬೇಡಿ, ನಾನೂ ಇದೇ ನಂಬ್ಕೊಂಡು ನಾಲ್ಕು ತಿಂಗಳು ಕಳ್ಕೊಂಡಿದೀನಿ. ತಾಮ್ರದಂಥ ಕ್ಯೂಬಿಕ್ ಹರಳಲ್ಲಿ (ಅಣುಗಳ ಜೋಡಣೆ ಘನಾಕಾರದ್ದು) ಶಾಖ ಎಲ್ಲಾ ದಿಕ್ಕಿಗೂ ಒಂದೇ. ದಿಕ್ಕು ಹಿಡಿದು ಬದಲಾಗೋದು ಎಲಾಸ್ಟಿಕ್ ಗುಣ, ಅದನ್ನ ಅಳೆಯೋ ಝೀನರ್ ಅನುಪಾತ 1 ಇದ್ರೆ ಎಲ್ಲಾ ದಿಕ್ಕೂ ಒಂದೇ, ತಾಮ್ರದಲ್ಲಿ ಅದು ಹತ್ತಿರ ಹತ್ತಿರ 3.2.

ನಿಮ್ಮ ಸಿಗ್ನಲ್ಲಲ್ಲಿ ಎರಡು ಬೆರೆತಿರುತ್ತೆ, ಇಳೀತಾ ಇರೋ ಶಾಖ ಮತ್ತು ಅದೇ ಲೇಸರ್ ಎಬ್ಬಿಸಿದ ಮೇಲ್ಮೈ ಅಲೆ (ಸರ್ಫೇಸ್ ವೇವ್). ಲೆಕ್ಕ ಹಾಕಿ ನೋಡಿ. ಗ್ರೇಟಿಂಗ್ ಅಂತರ, ಅಂದ್ರೆ ಪಟ್ಟೆಯಿಂದ ಪಟ್ಟೆಗಿರೋ ದೂರ, 4 ಮೈಕ್ರಾನ್ ಇಟ್ರೆ ತಾಮ್ರದಲ್ಲಿ ಶಾಖದ ಡಿಕೇ ಟೈಮ್ ಸುಮಾರು 3.5 ನ್ಯಾನೋಸೆಕೆಂಡ್, ಸರ್ಫೇಸ್ ವೇವ್‌ನ ಒಂದು ಸುತ್ತು ಸುಮಾರು 2 ನ್ಯಾನೋಸೆಕೆಂಡ್. ಅಂದ್ರೆ ಎರಡು ಸುತ್ತು ಮುಗಿಯೋದ್ರೊಳಗೆ ಶಾಖದ ಸಿಗ್ನಲ್ ಬಹಳಷ್ಟು ಇಳಿದೇ ಹೋಗಿರುತ್ತೆ. ಕೋನ ಬದಲಾದ್ರೆ ಅಲೆಯ ವೇಗ ಬದಲಾಗುತ್ತೆ, ಫಿಟ್ (ಡೇಟಾಗೆ ಸೂತ್ರದ ಗೆರೆ ಹೊಂದಿಸೋದು) ಶುರು ಮಾಡೋ ಜಾಗದಲ್ಲಿ ಅಲೆಯ ಫೇಸ್ ಬೇರೆ ಆಗುತ್ತೆ. ಅದಕ್ಕಿಂತ ಕೆಟ್ಟದ್ದು ನಡುವಿನ ಕೋನಗಳು, ಅಲ್ಲಿ ಸೂಡೋ ಸರ್ಫೇಸ್ ವೇವ್ ಅನ್ನೋ ಎರಡನೇ ಅಲೆ ಕೂಡ ಎದ್ದು ಬೇಗ ಒಳಗಿನ ಬಲ್ಕ್‌ಗೆ ಸೋರಿ ಹೋಗುತ್ತೆ. ನನ್ನ ಸ್ಕೋಪ್‌ನಲ್ಲಿ ಅಲೆಯ ಎರಡನೇ ಗುಡ್ಡ ಮೊದಲನೇದರ ಅರ್ಧ ಎತ್ತರಕ್ಕೆ ಕುಸಿದಿತ್ತು, ಒಂದೇ ಸೈನ್ ಹಾಕಿದ್ದ ಫಿಟ್ ಆ ಕುಸಿತವನ್ನೆಲ್ಲ ಶಾಖದ ಲೆಕ್ಕಕ್ಕೆ ಬರ್ಕೊಂಡ್ಬಿಡ್ತು.

ಈಗ ನಾನು ಮಾಡೋದು ಹೀಗೆ. ಮೊದಲು ಎಫ್‌ಎಫ್‌ಟಿ (ಸಿಗ್ನಲ್ಲಲ್ಲಿ ಯಾವ ಯಾವ ಆವರ್ತನ ಇದೆ ಅಂತ ತೋರಿಸೋ ಲೆಕ್ಕ) ನೋಡ್ತೀನಿ, ಎರಡು ಪೀಕ್ ಇದ್ರೆ ಎರಡು ಡ್ಯಾಂಪ್ಡ್ ಸೈನ್ (ಕ್ರಮೇಣ ಕುಗ್ಗೋ ಅಲೆ) ಹಾಕ್ತೀನಿ. ಫಿಟ್ ಶುರು ಮಾಡೋ ಜಾಗವನ್ನ ಒಂದು ಪೂರ್ತಿ ಸುತ್ತಿನ ಉದ್ದಕ್ಕೂ ಸರಿಸಿ ಸರಿಸಿ ನೋಡ್ತೀನಿ, ಉತ್ತರ ಅಲುಗಾಡಿದ್ರೆ ಆ ಡೇಟಾನ ನಂಬಲ್ಲ. ಗ್ರೇಟಿಂಗ್ 8 ಮೈಕ್ರಾನ್ ಮಾಡಿ, ಶಾಖದ ಸಮಯ ನಾಲ್ಕು ಪಟ್ಟು ಆಗುತ್ತೆ, ಅಲೆಯ ಸುತ್ತು ಎರಡೇ ಪಟ್ಟು, ಅಷ್ಟರಲ್ಲೇ ಫಿಟ್ ಎಷ್ಟೋ ಹದಕ್ಕೆ ಬರುತ್ತೆ. ಪಕ್ಕದಲ್ಲಿ ಟಂಗ್‌ಸ್ಟನ್ ತುಂಡೊಂದು ಇಟ್ಕೊಳ್ಳಿ, ಅದರ ಝೀನರ್ ಅನುಪಾತ ಸರಿಸುಮಾರು 1, ಅದನ್ನ ತಿರುಗಿಸಿದಾಗಲೂ ಡಿಫ್ಯೂಸಿವಿಟಿ ಕುಣಿದ್ರೆ ತಪ್ಪು ನಿಮ್ಮ ಅಲೈನ್‌ಮೆಂಟ್‌ದು.

ಈ ಮಾತು ಕ್ವಾರ್ಟ್ಜ್‌ಗೆ ಅನ್ವಯಿಸ್ಬೇಡಿ, ಅದು ಕ್ಯೂಬಿಕ್ ಅಲ್ಲ, ಅಲ್ಲಿ ಸಿ ಅಕ್ಷದ (ಹರಳಿನ ಮುಖ್ಯ ಅಕ್ಷ) ಕಡೆ ಶಾಖ ನಿಜವಾಗ್ಲೂ ಜಾಸ್ತಿ ಹರಿಯುತ್ತೆ. ಕೋನ ಓದೋಕೆ ಥಾರ್‌ಲ್ಯಾಬ್ಸ್‌ದು ಸಾಮಾನ್ಯ ರೊಟೇಶನ್ ಮೌಂಟ್ ಸಾಕು, ಮೋಟಾರ್‌ಗೆ ದುಡ್ಡು ಸುರೀಬೇಡಿ, ಆದ್ರೆ ಹರಳಿನ ದಿಕ್ಕನ್ನ ಲಾವೆ ಫೋಟೋದಲ್ಲೇ (ಹರಳಿನ ಎಕ್ಸ್-ರೇ ಚಿತ್ರ) ಖಚಿತ ಮಾಡ್ಕೊಳ್ಳಿ, ಕಣ್ಣಂದಾಜು ಬೇಡವೇ ಬೇಡ. ಇನ್ನೊಂದು, ಡೈಮಂಡ್ ಪೇಸ್ಟ್‌ನಲ್ಲಿ ಉಜ್ಜಿ ನಿಲ್ಲಿಸಿದೀರಾ? 4 ಮೈಕ್ರಾನ್ ಗ್ರೇಟಿಂಗ್ ನೋಡೋದು ಮೇಲಿನ ಒಂದೂಕಾಲು ಮೈಕ್ರಾನ್ ಅಷ್ಟೇ, ಉಜ್ಜಿ ಕೆಟ್ಟಿರೋ ಪದರವೂ ಅಲ್ಲೇ ಇರೋದು. ಎಲೆಕ್ಟ್ರೋಪಾಲಿಶ್ ಮಾಡಿ (ದ್ರಾವಣದಲ್ಲಿಟ್ಟು ಕರೆಂಟ್ ಹರಿಸಿ ಮೇಲ್ಪದರ ಕರಗಿಸೋದು) ಇನ್ನೊಮ್ಮೆ ಅಳೀರಿ, ಆ ಡೇಟಾ ಇಲ್ಲೇ ಹಾಕಿ, ಒಟ್ಟಿಗೆ ಕೂತು ಫಿಟ್ ಮಾಡೋಣ.